ಬಯಲಿಗೆ ಬೇಲಿ, ಹಾಡಿಗೆ ನೋಟಿಸು

ತೆಲಂಗಾಣ ಸರ್ಕಾರಕ್ಕೆ ಕುಡಿತ ಅಂದರೆ ಆಗುವುದಿಲ್ಲ. ಹಾಡಿನಲ್ಲಿ ಮಾತ್ರ.

2024ರ ನವೆಂಬರ್ 15ರಂದು ಪಂಜಾಬಿ ಗಾಯಕ ದಿಲ್‌ಜಿತ್ ದೋಸಾಂಜ್ ಹೈದರಾಬಾದಿನ ವಿಮಾನ ನಿಲ್ದಾಣದ ಹಾದಿಯ ಬಯಲಲ್ಲಿ ಹಾಡಿದರು. ಅವರಿಗಿಂತ ಮೊದಲೇ ನೋಟಿಸು ಬಂದು ಕಾದಿತ್ತು. ಕಳಿಸಿದ್ದು ಪೊಲೀಸರಲ್ಲ, ಅಬಕಾರಿಯವರಲ್ಲ. ರಂಗಾರೆಡ್ಡಿ ಜಿಲ್ಲೆಯ ಮಹಿಳಾ ಮತ್ತು ಮಕ್ಕಳ ಕಲ್ಯಾಣದ ಕಚೇರಿ. ಮದ್ಯ, ಮಾದಕ ವಸ್ತು, ಹಿಂಸೆಯನ್ನು ಹೊಗಳುವ ಹಾಡು ಹಾಡಕೂಡದು. ಮಕ್ಕಳನ್ನು ವೇದಿಕೆ ಹತ್ತಿಸಕೂಡದು. ಸದ್ದು ಮಿತಿ ಮೀರಕೂಡದು.

ಸಾಕ್ಷಿಯಾಗಿ ‘ಪಟಿಯಾಲಾ ಪೆಗ್’ನಂಥ ಹಾಡುಗಳನ್ನೂ ಹೆಸರಿಸಿದ್ದರು. ಅಂದರೆ ಯಾರೋ ಒಬ್ಬ ಅಧಿಕಾರಿ ಕಚೇರಿಯ ವೇಳೆಯಲ್ಲಿ ಕೂತು ಆ ಹಾಡನ್ನು ಕೇಳಿರಲೇಬೇಕು. ಆಕ್ಷೇಪಾರ್ಹ ಅಂಶ ಹುಡುಕಲು ಎರಡನೆಯ ಸಲವೂ ಕೇಳಿರಬೇಕು. ಮೇಜಿನ ಕೆಳಗೆ ಕಾಲು ತಾಳ ಹಾಕಿರಲಿಕ್ಕೂ ಸಾಕು. ಕಡತದಲ್ಲಿ ಅದು ದಾಖಲಾಗುವುದಿಲ್ಲ.

ದೂರು ಕೊಟ್ಟವರು ಹೈದರಾಬಾದಿನವರಲ್ಲ. ಚಂಡೀಗಢದ ಅಧ್ಯಾಪಕ ಪಂಡಿತರಾವ್ ಧರೆಣ್ಣವರ. ಮೂಲ ನಮ್ಮ ವಿಜಯಪುರ ಜಿಲ್ಲೆ. ಚಂಡೀಗಢಕ್ಕೆ ಹೋಗಿ ಪಂಜಾಬಿ ಕಲಿತು, ಪಂಜಾಬಿ ಹಾಡು ಕೆಡಬಾರದೆಂದು ಬಹಳ ವರ್ಷಗಳಿಂದ ಓಡಾಡುತ್ತಿರುವವರು. ಚಂಡೀಗಢದಲ್ಲಿರುವ ಕನ್ನಡಿಗ, ಪಂಜಾಬಿಯವನು ತೆಲುಗು ನೆಲದಲ್ಲಿ ಏನು ಹಾಡಬಾರದು ಎಂದು ದೂರು ಬರೆದರು. ಭಾವೈಕ್ಯದ ಮೇಲೆ ಭಾಷಣ ಮಾಡುವವರು ಈ ಉದಾಹರಣೆ ಬಳಸಿಕೊಳ್ಳಬಹುದು.

ಅವರ ಮೇಲೆ ನನಗೆ ಸಿಟ್ಟಿಲ್ಲ. ನಂಬಿದ್ದಕ್ಕಾಗಿ ಊರೂರು ಅಲೆಯುವ ಮನುಷ್ಯ ಈಗ ಅಪರೂಪ. ಸಿಟ್ಟಿರುವುದು ಆ ದೂರನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೊತ್ತಿಕೊಂಡ ಸರ್ಕಾರದ ಮೇಲೆ.

ಯಾಕೆಂದರೆ ಇದೇ ಸರ್ಕಾರದ ಇನ್ನೊಂದು ಇಲಾಖೆ ಮದ್ಯದಂಗಡಿಗಳಿಗೆ ಲಾಟರಿ ಎತ್ತುತ್ತದೆ. ಗಾದೆಯಲ್ಲ, ನಿಜವಾದ ಲಾಟರಿ. ರಾಜ್ಯದಲ್ಲಿ 2,620 ಅಂಗಡಿ. ಅರ್ಜಿ ಹಾಕಬೇಕು, ಚೀಟಿ ಎತ್ತುತ್ತಾರೆ, ಹಣೆಬರಹ ಇದ್ದವನಿಗೆ ಅಂಗಡಿ. 2023ರಲ್ಲಿ ಒಂದು ಅರ್ಜಿಗೆ 2 ಲಕ್ಷ ರೂಪಾಯಿ. ಅಂಗಡಿ ಸಿಗದಿದ್ದರೆ ದುಡ್ಡೂ ಸಿಗದು. ಬಂದ ಅರ್ಜಿ 1 ಲಕ್ಷ 31 ಸಾವಿರಕ್ಕೂ ಹೆಚ್ಚು. ಖಜಾನೆಗೆ ಬಿದ್ದದ್ದು 2,600 ಕೋಟಿಗೂ ಮೇಲೆ. ಒಂದು ಬಾಟಲಿಯ ಮುಚ್ಚಳ ತೆಗೆಯುವ ಮೊದಲು.

ಆಮೇಲೆ ಪಕ್ಷ ಬದಲಾಯಿತು. ಮುಖ್ಯಮಂತ್ರಿ ಬದಲಾದರು. ಲಾಟರಿ ಬದಲಾಗಲಿಲ್ಲ. 2025ರಲ್ಲಿ ಅರ್ಜಿಯ ಬೆಲೆ 3 ಲಕ್ಷವಾಯಿತು. ಅರ್ಜಿ ಕಡಿಮೆ ಬಂತು, 95 ಸಾವಿರದಷ್ಟು. ಆದಾಯ ಕಡಿಮೆಯಾಗಲಿಲ್ಲ, 2,800 ಕೋಟಿ ದಾಟಿತು. ಇದರಲ್ಲೂ ಸಾಮಾಜಿಕ ನ್ಯಾಯ ಮರೆತಿಲ್ಲ. ಹೆಂಡ ಇಳಿಸುವ ಗೌಡರಿಗೆ, ಪರಿಶಿಷ್ಟರಿಗೆ, ಬುಡಕಟ್ಟಿನವರಿಗೆ ಅಂಗಡಿಗಳಲ್ಲಿ ಮೀಸಲಾತಿ ಇದೆ. ಶಾಲೆಯಲ್ಲಿ ಮೇಷ್ಟ್ರು ಇಲ್ಲದಿದ್ದರೂ ನಡೆಯುತ್ತದೆ, ಸೀಸೆಯಲ್ಲಿ ಸಮಾನತೆ ಇರಬೇಕು.

ಲೆಕ್ಕ ಸರಳ. ಹಾಡುವವನ ಬಾಯಿಂದ ಹೆಂಡ ಹೊರಗೆ ಬಂದರೆ ಅಪರಾಧ. ಕೇಳುವವನ ಬಾಯೊಳಗೆ ಹೋದರೆ ಆದಾಯ.

ಗಾಯಕ ವಿಧೇಯನಾದ. ವೇದಿಕೆಯ ಮೇಲೆ ‘ದಾರು’ ಹೋಗಿ ‘ಕೋಕ್’ ಬಂತು. ‘ಠೇಕೆ’, ಅಂದರೆ ಹೆಂಡದಂಗಡಿ, ಹೋಗಿ ‘ಹೋಟೆಲ್’ ಬಂತು. ಜನ ಕೇಕೆ ಹಾಕಿದರು. ಎರಡು ಪದ ಬದಲಾದವು, ತೆಲಂಗಾಣದ ಯುವಜನಾಂಗ ಪಾರಾಯಿತು.

ಎರಡು ದಿನದ ನಂತರ ಅಹಮದಾಬಾದಿನ ಕಾರ್ಯಕ್ರಮದಲ್ಲಿ ಆತ ಬಡ್ಡಿ ಸಮೇತ ತೀರಿಸಿದ. ಎಲ್ಲ ರಾಜ್ಯಗಳೂ ಪಾನನಿಷೇಧ ಮಾಡಲಿ, ಮರುದಿನದಿಂದ ನಾನು ಮದ್ಯದ ಹಾಡೇ ಹಾಡುವುದಿಲ್ಲ ಅಂದ. ಕೊರೊನಾ ಕಾಲದಲ್ಲಿ ಎಲ್ಲ ಮುಚ್ಚಿದಾಗಲೂ ಮುಚ್ಚದೆ ಉಳಿದದ್ದು ಯಾವುದು ಎಂದೂ ನೆನಪಿಸಿದ. ಆ ಮಾತಿಗೆ ಯಾವ ಇಲಾಖೆಯೂ ಉತ್ತರ ಕೊಡಲಿಲ್ಲ. ಉತ್ತರ ಕೊಡುವುದು ಮಕ್ಕಳ ಕಲ್ಯಾಣದ ಕಚೇರಿಯ ಕೈಲಿಲ್ಲ, ಕೊಡಬಲ್ಲವರಿಗೆ ಪುರುಸೊತ್ತಿಲ್ಲ. ಲಾಟರಿ ಇದೆ.

ಹಾಡಿನಲ್ಲಿ ಮದ್ಯ ಬರಬಾರದೆಂದರೆ ಮೊದಲ ನೋಟಿಸು ಹೋಗಬೇಕಾದದ್ದು ಗೋಲ್ಕೊಂಡದ ಪಕ್ಕದ ಗೋರಿಗಳಿಗೆ. 1591ರಲ್ಲಿ ಹೈದರಾಬಾದ್ ಕಟ್ಟಿದ ಮಹಮ್ಮದ್ ಕುಲಿ ಕುತುಬ್ ಶಾ ಅಲ್ಲಿ ಮಲಗಿದ್ದಾನೆ. ಅವನು ಸುಲ್ತಾನನಷ್ಟೇ ಅಲ್ಲ, ದಖ್ಖನಿ ಕವಿ. ಮಳೆ, ಹಬ್ಬ, ಹೆಣ್ಣು, ಹೆಂಡ, ಯಾವುದನ್ನೂ ಬಿಡದೆ ಬರೆದವನು. ಅವನ ಪದ್ಯಗಳಲ್ಲಿ ‘ಕೋಕ್’ ಸೇರಿಸಲು ಒಂದು ಸಮಿತಿ ಬೇಕಾಗುತ್ತದೆ. ನಾವೂ ಹೆಚ್ಚು ನಗುವ ಹಾಗಿಲ್ಲ. ಡಿ.ವಿ.ಜಿ.ಯವರ ‘ಉಮರನ ಒಸಗೆ’ ಇನ್ನೂ ಮಾರಾಟದಲ್ಲಿದೆ. ಬಟ್ಟಲು ತುಂಬಿ ತುಳುಕುತ್ತಿದೆ. ದಯವಿಟ್ಟು ರಂಗಾರೆಡ್ಡಿ ಜಿಲ್ಲೆಗೆ ಯಾರೂ ಒಂದು ಪ್ರತಿ ಕಳಿಸಬೇಡಿ.

ಸದ್ದಿನ ವಿಷಯ ಬೇರೆ. ಅದರಲ್ಲಿ ನ್ಯಾಯ ಇದೆ. ಮಕ್ಕಳ ಕಿವಿ ಕಿವಿಯೇ. ನೋಟಿಸಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಹೆಸರಿತ್ತು, ಮಕ್ಕಳಿಗೆ 120 ಡೆಸಿಬಲ್ ದಾಟಬಾರದು ಎಂದಿತ್ತು. ಒಪ್ಪೋಣ. ನಮ್ಮದೇ ದೇಶದ 2000ದ ಶಬ್ದ ಮಾಲಿನ್ಯ ನಿಯಮ ಇನ್ನೂ ಕಟ್ಟುನಿಟ್ಟು. ಮನೆಗಳಿರುವ ಕಡೆ ಹಗಲು 55 ಡೆಸಿಬಲ್, ರಾತ್ರಿ 45. ನಮ್ಮ ಬೀದಿಯಲ್ಲಿ ತರಕಾರಿ ಗಾಡಿಯವನ ಧ್ವನಿಪೆಟ್ಟಿಗೆಯೊಂದೇ ಬೆಳಿಗ್ಗೆ ಏಳಕ್ಕೆ ಅದನ್ನು ಮುರಿಯುತ್ತದೆ. ಟೊಮೆಟೊಗೆ ನೋಟಿಸು ಕೊಟ್ಟವರಿಲ್ಲ.

2024ರ ಅಕ್ಟೋಬರ್ ಆರಂಭದಲ್ಲಿ ಹೈದರಾಬಾದ್ ಪೊಲೀಸರು ಧಾರ್ಮಿಕ ಮೆರವಣಿಗೆಗಳಲ್ಲಿ ಡಿಜೆ ನಿಷೇಧಿಸಿದರು. ಒಳ್ಳೆಯ ಕೆಲಸ. ಎದೆ ನಡುಗಿಸುವ ಆ ಪೆಟ್ಟಿಗೆಗಳ ಎದುರು ಮನೆ ಇದ್ದವರು ತುಪ್ಪದ ದೀಪ ಹಚ್ಚಿರಬೇಕು. ಆದರೆ ಆದೇಶ ಧಾರ್ಮಿಕ ಮೆರವಣಿಗೆಗಳಿಗೆ. ಶಾಸಕರ ಹುಟ್ಟುಹಬ್ಬ ಯಾವ ಧರ್ಮಕ್ಕೆ ಸೇರಿದ್ದು ಎಂದು ಯಾರೂ ಕೇಳುವುದಿಲ್ಲ. ಕೇಳಿದರೂ ಆ ಸದ್ದಿನಲ್ಲಿ ಕೇಳಿಸುವುದಿಲ್ಲ.

ಅದೇ ಶಬ್ದ ಮಾಲಿನ್ಯ ನಿಯಮದ ಇನ್ನೊಂದು ಕಲಮು ನೋಡಿ. ಬಯಲಿನಲ್ಲಿ ರಾತ್ರಿ 10ರ ಮೇಲೆ ಧ್ವನಿವರ್ಧಕ ಇಲ್ಲ. ಹಬ್ಬ ಹರಿದಿನ, ಸಂಸ್ಕೃತಿ ಎಂದು ಸರ್ಕಾರ ಮನಸ್ಸು ಮಾಡಿದರೆ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿ 12ರವರೆಗೆ ಬಿಡಬಹುದು. ಸಂಸ್ಕೃತಿಗೆ ವರ್ಷಕ್ಕೆ 30 ತಾಸು. ಲೆಕ್ಕ ಸರಿಯಾಗಿದೆ.

ಇದರ ಪೆಟ್ಟು ಬಿದ್ದದ್ದು ಡಿಜೆಯವನಿಗಲ್ಲ. ಅವನು ಎರಡು ತಾಸು ಮೊದಲೇ ಶುರುಮಾಡಿ ಎರಡರಷ್ಟು ಸದ್ದು ಮಾಡುತ್ತಾನೆ. ಪೆಟ್ಟು ಬಿದ್ದದ್ದು ರಾಗಕ್ಕೆ. ನಮ್ಮ ಗದಗಿನ ಭೀಮಸೇನ ಜೋಶಿಯವರು ಕುಂದಗೋಳದ ತಮ್ಮ ಗುರುವಿನ ಹೆಸರಲ್ಲಿ 1953ರಿಂದ ಪುಣೆಯಲ್ಲಿ ನಡೆಸಿದ ಸವಾಯಿ ಗಂಧರ್ವ ಉತ್ಸವ ಬೆಳಗಿನವರೆಗೆ ನಡೆಯುತ್ತಿತ್ತು. ಚಳಿಯಲ್ಲಿ ಶಾಲು ಹೊದ್ದ ಜನ, ಭೈರವಿಗೆ ಕಾಯುವ ಜನ. ಈಗ ಅಲ್ಲೂ ಹತ್ತು ಗಂಟೆಯ ಗಡಿಯಾರ. ದರ್ಬಾರಿ ಕಾನಡಾ ಅಂದರೆ ನಡುರಾತ್ರಿಯ ರಾಗ. ಹೆಸರಲ್ಲೇ ನಮ್ಮ ನಾಡಿದೆ ಎಂದು ಪ್ರತಿ ನವೆಂಬರಿನಲ್ಲಿ ನಾವು ಎದೆ ತಟ್ಟಿಕೊಳ್ಳುತ್ತೇವೆ. ಆ ನಾಡಿಗೆ ಈಗ ಒಂಬತ್ತೂವರೆಗೆ ಬಂದು ಹತ್ತಕ್ಕೆ ಹೊರಡು ಎಂದು ಹೇಳಿದ್ದೇವೆ.

ಹೈದರಾಬಾದ್ ‘ಸಂಗೀತ ಪರಂಪರೆ’ಯ ಊರಂತೆ. ಪ್ರವಾಸೋದ್ಯಮದವರ ಯಾವ ಮಡಿಕೆ ಪತ್ರ ಬಿಚ್ಚಿದರೂ ಇದೆ. ಪರಂಪರೆ ಎಂದರೆ ಏನು? ಸತ್ತ ಮೇಲೆ ಫಲಕ ಹಾಕುವುದು. ಬದುಕಿದ್ದಾಗ ಬೇಲಿ ಹಾಕುವುದು.

ತಾರಾಮತಿ ಬಾರಾದರಿ ನೋಡಿ. ಹನ್ನೆರಡು ಬಾಗಿಲ ಮಂಟಪ. ಕುತುಬ್ ಶಾಹಿ ಕಾಲದಲ್ಲಿ ತಾರಾಮತಿ ಎಂಬ ಗಾಯಕಿ ಅಲ್ಲಿ ಹಾಡಿದರೆ ಗಾಳಿ ಆ ದನಿಯನ್ನು ಗೋಲ್ಕೊಂಡ ಕೋಟೆಯಲ್ಲಿದ್ದ ಸುಲ್ತಾನ ಅಬ್ದುಲ್ಲಾನ ಕಿವಿಗೆ ಒಯ್ಯುತ್ತಿತ್ತು ಎಂದು ಕತೆ. ಧ್ವನಿವರ್ಧಕ ಇಲ್ಲ, ಪ್ರಾಯೋಜಕರಿಲ್ಲ. ಕತೆ ನಿಜವೋ ಸುಳ್ಳೋ, ಒಂದು ಮಾತು ಗಮನಿಸಿ. ಸುಲ್ತಾನನಿಗೆ ಕೇಳಿಸಿದ್ದು ಕೋಟೆಯ ಕೆಳಗಿನ ಅಗಸನಿಗೂ ಕೇಳಿಸಿರಬೇಕು. ಗಾಳಿ ಪಾಸು ನೋಡುವುದಿಲ್ಲ. ಈಗ ಆ ಜಾಗ ಪ್ರವಾಸೋದ್ಯಮದವರ ಕೈಲಿದೆ. ಗಾಳಿ ಇದೆ. ಕೇಳಿಬರುವುದು ಸುತ್ತಲ ಕಟ್ಟಡಗಳ ಜನರೇಟರು.

ಮಹಲಖಾ ಬಾಯಿ ಚಂದಾ ನೋಡಿ. ಹಾಡಿದವಳು, ಕುಣಿದವಳು, ಕವಿತೆ ಕಟ್ಟಿದವಳು, ನಿಜಾಮರ ದರ್ಬಾರಿನಲ್ಲಿ ಮಾತು ನಡೆಸಿದವಳು. ಅವಳ ಜಹಗೀರಿನ ಅಡಿಕ್‌ಮೆಟ್ ನೆಲದ ಮೇಲೆ ಇವತ್ತು ವಿಶ್ವವಿದ್ಯಾಲಯ ನಿಂತಿದೆ. 1824ರಲ್ಲಿ ತೀರಿಕೊಂಡು ಮೌಲಾ ಅಲಿ ಬೆಟ್ಟದ ಬುಡದಲ್ಲಿ ಮಲಗಿದಳು. ಗೋರಿ ಪಾಳು ಬಿತ್ತು. ಕೊನೆಗೆ ರಿಪೇರಿಗೆ ದುಡ್ಡು ಬಂದದ್ದು ಅಮೆರಿಕ ಸರ್ಕಾರದಿಂದ. ನಮ್ಮ ಹಾಡುಗಾತಿಯ ಗೋರಿಯ ಗಾರೆಗೆ ಡಾಲರು. ನಮ್ಮ ದುಡ್ಡು ಎಲ್ಲಿ ಹೋಯಿತು ಎಂದು ಕೇಳಬೇಡಿ. ಪರಂಪರೆಯ ಮೇಲೆ ವಿಚಾರ ಸಂಕಿರಣ ಇತ್ತು.

ಇನ್ನು ಪಂಡಿತ್ ಜಸರಾಜ್. ಅವರ ತಂದೆ ಮೋತಿರಾಮರು 1934ರಲ್ಲಿ ಈ ಊರಿಗೆ ಬಂದದ್ದು ನಿಜಾಮ ಉಸ್ಮಾನ್ ಅಲಿ ಖಾನನ ಆಸ್ಥಾನ ಗಾಯಕರಾಗಲು. ನೇಮಕದ ದಿನವೇ ಕಣ್ಣು ಮುಚ್ಚಿದರು. ಮಗನಿಗೆ ಆಗ ನಾಲ್ಕು ವರ್ಷ. ಆ ಮಗ ದೊಡ್ಡವನಾಗಿ, ದೇಶ ಕೊಂಡಾಡುವ ಗಾಯಕನಾಗಿ, 1972ರಿಂದ ತಂದೆಯ ಮತ್ತು ಅಣ್ಣ ಮಣಿರಾಮರ ಹೆಸರಲ್ಲಿ ವರ್ಷ ವರ್ಷವೂ ಇದೇ ಊರಿಗೆ ಬಂದು ಸಂಗೀತ ಸಮಾರೋಹ ನಡೆಸಿದ. ತಂದೆಯನ್ನು ಕಿತ್ತುಕೊಂಡ ಊರಿಗೆ ಹಾಡಿನಲ್ಲಿ ಉತ್ತರ ಕೊಟ್ಟ. 2020ರಲ್ಲಿ ತೀರಿಕೊಳ್ಳುವವರೆಗೂ ಈ ಊರಿನ ನಂಟು ಬಿಡಲಿಲ್ಲ.

ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಇನ್ನೂರು ಜನ ಇದ್ದಾರೆ. ಪಂಜಾಬಿ ಹಾಡಿನ ಟಿಕೆಟ್ಟಿಗೆ ಯಾರ ಫೋನು ವೇಗ ಎಂದು ಟಿಕೆಟ್ ಮಾರಿದ ದಿನ ಮಧ್ಯಾಹ್ನವೆಲ್ಲ ಚರ್ಚೆ. ಸಮಾರೋಹದ ಸುದ್ದಿ ಅಲ್ಲಿ ಬಂದದ್ದನ್ನು ನಾನು ಕಂಡಿಲ್ಲ. ಆದರೆ ಜಸರಾಜರು ತೀರಿಕೊಂಡ ದಿನ ಇನ್ನೂರು ಜನವೂ ಕೈ ಮುಗಿದ ಚಿತ್ರ ಹಾಕಿದರು. ಒಬ್ಬರು ತಪ್ಪಾಗಿ ಕೇಕಿನ ಚಿತ್ರ ಹಾಕಿ ಅಳಿಸಿದರು.

ಈ ಊರಿನ ಕಾಚಿಗುಡದ ಸುತ್ತ ಬೆಳೆದ ನಾವು ಕನ್ನಡಿಗರು ಇದಕ್ಕಿಂತ ಮೇಲು ಎಂದು ಹೇಳಿಕೊಳ್ಳುವ ಆಸೆ ನನಗಿತ್ತು. ಇಲ್ಲ. ರಾಜ್ಯೋತ್ಸವಕ್ಕೆ ‘ಗಾಯನ’ ಎಂದರೆ ನಮಗೂ ಆರ್ಕೆಸ್ಟ್ರಾ. ಹಿಂದೂಸ್ತಾನಿ ಸಂಗೀತಕ್ಕೆ ಧಾರವಾಡ ಕೊಟ್ಟ ಕೊಡುಗೆ ಎಂದು ಭಾಷಣ ಇಟ್ಟುಕೊಳ್ಳುತ್ತೇವೆ. ಹಾಡುವವರನ್ನು ಇಟ್ಟುಕೊಳ್ಳುವುದಿಲ್ಲ. ಭಾಷಣಕ್ಕೆ ತಬಲಾ ಸಾಥಿ ಬೇಕಿಲ್ಲ, ಖರ್ಚು ಕಡಿಮೆ.

ಬಯಲು ಸಂಗೀತ ಎಂದ ಕೂಡಲೇ ನಮ್ಮ ಹುಡುಗರು ಎಳೆದು ತರುವ ಹೆಸರು ವುಡ್‌ಸ್ಟಾಕ್. ಅಂಗಿಯ ಮೇಲೆ ಅದರ ಪಾರಿವಾಳ ಇರುತ್ತದೆ. 1969ರ ಆಗಸ್ಟ್ 15ರಿಂದ 18, ನ್ಯೂಯಾರ್ಕ್ ರಾಜ್ಯದ ಬೆತೆಲ್ ಎಂಬ ಊರು, ಮ್ಯಾಕ್ಸ್ ಯಾಸ್ಗರ್ ಎಂಬ ಹಾಲು ಮಾರುವ ರೈತನ ಹುಲ್ಲುಗಾವಲು. ಮುಂಗಡ ಟಿಕೆಟ್ ಮೂರು ದಿನಕ್ಕೆ 18 ಡಾಲರ್. ಆದರೆ ಬೇಲಿ ಕಟ್ಟಿ ಮುಗಿಯುವ ಮೊದಲೇ ಜನ ಬಂದರು. ನಾಲ್ಕು ಲಕ್ಷಕ್ಕೂ ಹೆಚ್ಚು. ಸಂಘಟಕರು ಕೈ ಚೆಲ್ಲಿ ಎಲ್ಲರಿಗೂ ಉಚಿತ ಎಂದುಬಿಟ್ಟರು. ಸಾಲ ಮೈಮೇಲೆ ಬಂತು. ಹೆಸರು ಉಳಿಯಿತು.

ಅಂದರೆ ಜಗತ್ತಿನ ಅತ್ಯಂತ ಪ್ರಸಿದ್ಧ ಬಯಲು ಸಂಗೀತೋತ್ಸವದ ಪರಂಪರೆ ಏನು? ಬೇಲಿ ಕಟ್ಟಲಾಗದೆ ಹೋದದ್ದು. ನಾವು ಅದರಿಂದ ಕಲಿತದ್ದೇನು? ಮೊದಲು ಬೇಲಿ ಕಟ್ಟುವುದು.

ಆ ಮಳೆಯಲ್ಲಿ ಸಿತಾರ್ ನುಡಿಸಿದ ರವಿಶಂಕರ್ ಮಾತ್ರ ಸಂತೋಷಪಡಲಿಲ್ಲ. ಕೆಸರಿನಲ್ಲಿದ್ದ ಆ ಜನರನ್ನು ನೋಡಿ ನಮ್ಮ ದೇಶದ ಎಮ್ಮೆಗಳು ನೆನಪಾದವು ಎಂಬರ್ಥದಲ್ಲಿ ಮುಂದೆ ಹೇಳಿಕೊಂಡರು. ಎಮ್ಮೆಗೆ ಒಂದು ಮರ್ಯಾದೆ ಇದೆ. ಅದು ಕೆಸರಿಗೆ ಇಳಿಯಲು ಟಿಕೆಟ್ ಕೊಳ್ಳುವುದಿಲ್ಲ. ಇನ್ನು ವುಡ್‌ಸ್ಟಾಕಿನ ಐವತ್ತನೇ ವರ್ಷಕ್ಕೆ 2019ರಲ್ಲಿ ಮತ್ತೆ ಉತ್ಸವ ಮಾಡಲು ಹೊರಟರು. ದುಡ್ಡು, ಜಾಗ, ಪರವಾನಗಿಯ ಜಗಳದಲ್ಲಿ ರದ್ದಾಯಿತು. ಪರಂಪರೆ ಅಂದರೆ ಅದೂ ಹೌದು.

ಪರವಾನಗಿ ಎಂದಾಗ ನೆನಪಾಯಿತು. 2023ರ ಡಿಸೆಂಬರಿನಲ್ಲಿ ಇಲ್ಲಿ ಸನ್‌ಬರ್ನ್ ಎಂಬ ಕುಣಿತದ ಉತ್ಸವಕ್ಕೆ ಅನುಮತಿಗೆ ಮೊದಲೇ ಟಿಕೆಟ್ ಮಾರತೊಡಗಿದ್ದರು. ಹೊಸ ಮುಖ್ಯಮಂತ್ರಿಗಳೇ ಸಭೆಯಲ್ಲಿ ಸಿಟ್ಟಾದರು, ಸೈಬರಾಬಾದ್ ಪೊಲೀಸರು ಪ್ರಕರಣ ದಾಖಲಿಸಿದರು. ಸರಿಯೇ. ಇಲ್ಲದ ಬಯಲನ್ನು ಮಾರುವುದು ಅಪರಾಧ. ಇದ್ದ ಕೆರೆಯನ್ನು ತುಂಬಿ, ಲೇಔಟ್ ಮಾಡಿ ಮಾರಿದವರು ಈ ಊರಲ್ಲಿ ಉದ್ಯಮಿಗಳು.

ಹೋದ ಚಳಿಗಾಲದಲ್ಲಿ ನಾನೂ ಇಂಥದೊಂದು ಬಯಲಿಗೆ ಹೋದೆ. ಮಗಳ ಹಟ. ಯಾವ ಉತ್ಸವ, ಯಾರು ನಡೆಸಿದ್ದು ಎಂದು ಹೇಳುವುದಿಲ್ಲ. ಎಲ್ಲವೂ ಒಂದೇ.

ಬಾಗಿಲಲ್ಲಿ ನೀರಿನ ಬಾಟಲಿ ಕಿತ್ತುಕೊಂಡು ಡಬ್ಬಿಗೆ ಎಸೆದರು. ಭದ್ರತೆಯಂತೆ. ಒಳಗೆ ಅದೇ ನೀರು ನಾಲ್ಕು ಪಟ್ಟು ಬೆಲೆಗೆ ಸಿಕ್ಕಿತು. ಬೆಲೆ ಏರಿದ ಕೂಡಲೇ ನೀರು ಸುರಕ್ಷಿತವಾಗಿತ್ತು. ಕೈಗೆ ಒಂದು ಬಣ್ಣದ ಪಟ್ಟಿ ಕಟ್ಟಿದರು. ನಮ್ಮದು ಹಸಿರು. ಹಸಿರಿನವರು ಹಿಂದೆ, ನೀಲಿಯವರು ಮುಂದೆ, ಚಿನ್ನದ ಬಣ್ಣದವರು ಸೋಫಾದಲ್ಲಿ. ಅವರಿಗೂ ಮೇಲೆ ಯಾವ ಪಟ್ಟಿಯೂ ಇಲ್ಲದವರಿದ್ದರು. ಅವರದು ಉಚಿತ ಪಾಸು. ಸರ್ಕಾರದವರು.

ವರ್ಣಾಶ್ರಮ ಹೋಯಿತು ಎಂದವರು ಯಾರು? ಬಣ್ಣ ಕೈಗೆ ಇಳಿದಿದೆ, ಅಷ್ಟೇ.

ಸ್ವಾತಂತ್ರ್ಯದ ಬಗ್ಗೆ ಒಂದು ಹಾಡು ಬಂತು. ಹಸಿರಿನ ಹುಡುಗನೊಬ್ಬ ಉತ್ಸಾಹದಲ್ಲಿ ನೀಲಿಯ ಕಡೆಗೆ ಹಾರಿದ. ಬೌನ್ಸರ್ ಕುತ್ತಿಗೆಪಟ್ಟಿ ಹಿಡಿದು ಹಿಂದಕ್ಕೆ ತಂದ. ಹಾಡು ನಿಲ್ಲಲಿಲ್ಲ.

ಒಳಗೆ ಮದ್ಯದ ಕೌಂಟರ್ ಕುಡಿಯುವ ನೀರಿನ ಕೌಂಟರಿಗಿಂತ ಮೂರು ಪಟ್ಟು ಉದ್ದ ಇತ್ತು. ಮೇಲೆ ಜವಾಬ್ದಾರಿಯಿಂದ ಕುಡಿಯಿರಿ ಎಂಬ ಫಲಕ. ಯಾರ ಜವಾಬ್ದಾರಿ ಎಂದು ಬರೆದಿರಲಿಲ್ಲ. ಈ ಕೌಂಟರಿಗೆ ಮಹಿಳಾ ಮತ್ತು ಮಕ್ಕಳ ಕಲ್ಯಾಣದವರ ನೋಟಿಸು ಅಂಟಿಸಿದ್ದು ಕಾಣಲಿಲ್ಲ. ಅದು ಹಾಡುವುದಿಲ್ಲವಲ್ಲ.

ಒಂಬತ್ತೂವರೆಗೆ ನನ್ನ ಕಿವಿ ಸಾಕು ಎಂದಿತು. ಮಗಳನ್ನು ಗೆಳತಿಯರ ಜೊತೆ ಬಿಟ್ಟು ಹೊರಬಂದೆ.

ಹೊರಗೆ ತಗಡಿನ ಬೇಲಿ, ಆಳೆತ್ತರಕ್ಕಿಂತ ಹೆಚ್ಚು. ಬೇಲಿಯ ಪಕ್ಕ ಚಹಾದ ಗಾಡಿ. ಗಾಡಿಯ ಹುಡುಗ, ಹತ್ತು ಹನ್ನೊಂದು ವರ್ಷ ಇರಬಹುದು, ತಗಡಿಗೆ ಬೆನ್ನು ಒತ್ತಿ ನಿಂತಿದ್ದ. ಒಳಗಿನ ಢಮಢಮ ತಗಡಿನಲ್ಲಿ ಹಾಯುತ್ತಿತ್ತು. ಅವನ ಬೆರಳು ತಗಡಿನ ಮೇಲೆ ತಾಳ ಹಾಕುತ್ತಿತ್ತು. ಒಳಗಿನ ಡ್ರಮ್ಮಿನವನಿಗಿಂತ ಸರಿಯಾಗಿ ಹಾಕುತ್ತಿತ್ತು ಎಂದರೆ ಉತ್ಪ್ರೇಕ್ಷೆ ಎನ್ನುತ್ತೀರಿ. ಎನ್ನಿ.

ನನಗೆ ಇನ್ನೊಬ್ಬ ಹುಡುಗ ನೆನಪಾದ. ಜಸರಾಜರೇ ಮತ್ತೆ ಮತ್ತೆ ಹೇಳುತ್ತಿದ್ದ ಕತೆ. ಚಿಕ್ಕವರಿದ್ದಾಗ ಇದೇ ಹೈದರಾಬಾದಿನಲ್ಲಿ ಶಾಲೆಗೆ ಹೋಗುವ ದಾರಿಯಲ್ಲೊಂದು ಸಣ್ಣ ಹೋಟೆಲು. ಅಲ್ಲಿ ಗ್ರಾಮಾಫೋನಿನಲ್ಲಿ ಬೇಗಂ ಅಖ್ತರರ ಗಜಲ್. ಹುಡುಗ ಅಲ್ಲೇ ಕೂತುಬಿಡುತ್ತಿದ್ದ. ಶಾಲೆ ತಪ್ಪುತ್ತಿತ್ತು. ಯಾರೂ ಎಬ್ಬಿಸಲಿಲ್ಲ. ಯಾವ ಬಣ್ಣದ ಪಟ್ಟಿ ಎಂದು ಕೇಳಲಿಲ್ಲ. ಈ ಊರು ಆ ಹುಡುಗನಿಗೆ ಕೊಟ್ಟದ್ದು ಇಷ್ಟೇ, ಬೀದಿಗೆ ತೆರೆದಿದ್ದ ಒಂದು ಹೋಟೆಲು. ಆಸ್ಥಾನ ಕೊಡಲಾಗದ್ದನ್ನು ಒಂದು ಚಹಾದಂಗಡಿ ಕೊಟ್ಟಿತು.

ಇವತ್ತಾಗಿದ್ದರೆ? ಮೊದಲು ಹೋಟೆಲಿನವನಿಗೆ ಹಾಡು ಹಾಕಲು ಪರವಾನಗಿ ಎಲ್ಲಿ ಎಂದು ನೋಟಿಸು. ಮದ್ಯದ ಮಾತು ಬರುವ ಗಜಲಾಗಿದ್ದರೆ ಇನ್ನೊಂದು. ಶಾಲೆ ತಪ್ಪಿಸಿದ ಹುಡುಗನಿಗೆ ಮಕ್ಕಳ ಕಲ್ಯಾಣದ್ದು ಮೂರನೆಯದು. ಮೂರು ಕಡತ. ಸಂಗೀತ ಸೊನ್ನೆ.

ಬೇಲಿಯ ಆ ಬದಿಯಿಂದ ಒಬ್ಬ ಕಾವಲಿನವನು ಬಂದ. ‘ಏ ಪೋಟ್ಟೆ, ಹಾತ್ ನಕ್ಕೋ ಲಗಾ’, ಕೈ ಹಚ್ಚಬೇಡ ಎಂದು ಗದರಿದ. ಹುಡುಗ ಹತ್ತು ಹೆಜ್ಜೆ ಸರಿದ. ಅಲ್ಲೂ ತಗಡಿತ್ತು. ಮತ್ತೆ ಬೆನ್ನು ಕೊಟ್ಟು ನಿಂತ.

ಹತ್ತು ಗಂಟೆಗೆ ಹಾಡು ನಿಂತಿತು. ಕಾನೂನು. ಹುಡುಗ ಗಾಡಿ ಮುಚ್ಚಿದ. ಅವನಪ್ಪ ಒಲೆ ಆರಿಸಿ ದುಡ್ಡು ಎಣಿಸಿಕೊಂಡು ‘ಬೈಠ್’ ಎಂದು ಹುಡುಗನನ್ನು ಗಾಡಿಯ ಹತ್ತಿರ ಕೂರಿಸಿ ರಸ್ತೆ ದಾಟಿದ. ಎದುರುಗಡೆ ದೀಪ ಝಗಮಗ ಎನ್ನುತ್ತಿತ್ತು. ಲಾಟರಿಯಲ್ಲಿ ಗೆದ್ದವರ ಅಂಗಡಿ. ಮಹಾನಗರದ ಮಿತಿಯಲ್ಲಿ ಅದಕ್ಕೆ ರಾತ್ರಿ 11ರವರೆಗೆ ಸಮಯ ಇದೆ.

ಹಾಡಿಗಿಂತ ಒಂದು ತಾಸು ಹೆಚ್ಚು.